ಹಳೇ ರೀಲಿನ ಬಣ್ಣ, ಹೊಸ ಫೋನಿನಲ್ಲಿ: ಆಟದ ಕ್ಯಾಮೆರಾ ಆ್ಯಪ್ ಒಳಗೆ ನಡೆಯುವುದೇನು?

ಕೊಪ್ಪಳದ ಕಾಲೇಜು ಹುಡುಗ-ಹುಡುಗಿಯರ ಫೋನಿನಲ್ಲಿ ಈಗ ಎರಡೆರಡು ಕ್ಯಾಮೆರಾ ಇರುತ್ತವೆ. ಒಂದು ಫೋನ್ ಕಂಪನಿಯೇ ಕೊಟ್ಟದ್ದು. ಇನ್ನೊಂದು ಪ್ಲೇಸ್ಟೋರಿನಿಂದ ತಾವಾಗಿಯೇ ಹಾಕಿಕೊಂಡದ್ದು. ಈ ಎರಡನೆಯದನ್ನು ತೆರೆದರೆ ಪರದೆಯ ಮೇಲೆ ಹಳೇ ಪ್ಲಾಸ್ಟಿಕ್ ಕ್ಯಾಮೆರಾದ ಬೆನ್ನು ಕಾಣಿಸುತ್ತದೆ. ಎದುರಿನ ದೃಶ್ಯ ನೋಡಲು ಹೆಬ್ಬೆರಳಗಲದ ಕಿಂಡಿ. ಗುಂಡಿ ಒತ್ತಿದರೆ ಕಟಕ್ ಅಂತ ಸದ್ದು, ಹಿಂದೆಯೇ ರೀಲು ಸುತ್ತಿಕೊಂಡ ಕರಕರ, ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು. ಅದರಲ್ಲಿ ತೆಗೆದ ಮಿರ್ಚಿ-ಒಗ್ಗರಣೆ ತಟ್ಟೆ, ಬಸ್ ಸ್ಟ್ಯಾಂಡಿನ ಬೆಂಚು, ತುಂಗಭದ್ರಾ ಎಡದಂಡೆ ಕಾಲುವೆಯ ಮೇಲಿನ ಸಂಜೆ ಎಲ್ಲವೂ ಮೂವತ್ತು ವರ್ಷ ಹಿಂದಿನ ಬಣ್ಣ ಹೊತ್ತು ಬರುತ್ತವೆ.

ನೋಡಲು ಚೆನ್ನಾಗಿರುತ್ತದೆ, ನನಗೂ ಇಷ್ಟ. ಆದರೆ ಒಳಗೆ ಏನಾಗುತ್ತದೆ ಎಂದು ತಿಳಿದವರು ಈ ಆಟವನ್ನು ಇನ್ನೂ ಚೆನ್ನಾಗಿ ಆಡಬಲ್ಲರು. ಆಟದ ಕ್ಯಾಮೆರಾ ಎಂದು ನಾನು ಕರೆಯುವ ಇಂಥ ಆ್ಯಪ್‌ಗಳು ಎರಡು ಕಡೆ ಕೈ ಹಾಕುತ್ತವೆ. ಗುಂಡಿ ಒತ್ತಿದ ಮೇಲೆ ಚಿತ್ರದ ಮೇಲೆ ಕೈಯಾಡಿಸುತ್ತವೆ, ಅದು ಬರೀ ಲೆಕ್ಕ. ಗುಂಡಿ ಒತ್ತುವ ಮೊದಲು ನಿಮ್ಮನ್ನೇ ಕಟ್ಟಿಹಾಕುತ್ತವೆ. ದಿನನಿತ್ಯದ ಫೋಟೋ ನಿಜವಾಗಿ ಬದಲಾಗುವುದು ಈ ಎರಡನೆಯದರಿಂದ ಎಂಬುದು ನನ್ನ ನಂಬಿಕೆ. ಅದಕ್ಕೆ ಬರುವ ಮುನ್ನ ಲೆಕ್ಕವನ್ನು ಬಿಡಿಸೋಣ.

ಮೊದಲು ಫೋನಿನ ಸ್ವಂತ ಕ್ಯಾಮೆರಾದ ವಿಷಯ. ಅದೇನೂ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಿಲ್ಲ. ಲೆನ್ಸಿನ ಹಿಂದೆ ಕಿರುಬೆರಳ ಉಗುರಿಗಿಂತ ಸಣ್ಣದೋ ಅಷ್ಟೇ ಅಳತೆಯದೋ ಒಂದು ಸೆನ್ಸರ್ ಇರುತ್ತದೆ. 12 ಮೆಗಾಪಿಕ್ಸೆಲ್ ಎಂದರೆ ಅದರ ಮೇಲೆ 1 ಕೋಟಿ 20 ಲಕ್ಷ ಬೆಳಕಿನ ಗೂಡುಗಳು. ಆ ಗೂಡುಗಳಿಗೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು ಬಿತ್ತು ಎಂಬುದಷ್ಟೇ ಗೊತ್ತು. ಅದಕ್ಕಾಗಿ ಪ್ರತಿ ಗೂಡಿನ ಮೇಲೆ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದು ಬಣ್ಣವನ್ನಷ್ಟೇ ಒಳಬಿಡುವ ಶೋಧಕ ಕೂರಿಸುತ್ತಾರೆ. ಚುಕ್ಕಿ ರಂಗೋಲಿಯಲ್ಲಿ ಲೆಕ್ಕ ಹಿಡಿದು ಚುಕ್ಕಿ ಇಟ್ಟ ಹಾಗೆ ಅರ್ಧ ಭಾಗ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸವೇ ಇಂದಿಗೂ ಹೆಚ್ಚಿನ ಫೋನುಗಳಲ್ಲಿದೆ. ಒಂದೊಂದು ಗೂಡಿಗೆ ಒಂದೇ ಬಣ್ಣ ಸಿಕ್ಕಿರುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಗೂಡುಗಳನ್ನು ನೋಡಿ ಅಂದಾಜು ಮಾಡಿ ತುಂಬುತ್ತಾರೆ. ನಿಮ್ಮ ಫೋಟೋದಲ್ಲಿರುವ ಬಣ್ಣದ ಮಾಹಿತಿಯಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಲೆಕ್ಕದಿಂದಲೇ ಬಂದದ್ದು.

ಎರಡನೇ ಲೆಕ್ಕ ನಮ್ಮ ಬಿಸಿಲಿಗೆ ಸಂಬಂಧಪಟ್ಟದ್ದು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಾಗಾಗಿ ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ಎರಡು ವಾರಗಳಲ್ಲಿ ಇನ್ನೊಮ್ಮೆ ಸೂರ್ಯ ಮಧ್ಯಾಹ್ನ ನೆಟ್ಟಗೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಲದಲ್ಲಿ ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಆ ಹೊತ್ತಿನಲ್ಲಿ ಬಿಳಿ ಧೋತರ ಉಟ್ಟು ರುಮಾಲು ಸುತ್ತಿದ ಹಿರಿಯರೊಬ್ಬರು ಸಂತೆಯಲ್ಲಿ ನಿಂತಿದ್ದಾರೆ ಅನ್ನಿ. ರುಮಾಲಿನ ಮೇಲೆ ಕಣ್ಣು ಕುಕ್ಕುವ ಬೆಳಕು, ಅದರ ಕೆಳಗೆ ಕಣ್ಣಿನ ಗುಳಿಗಳಲ್ಲಿ ಕಪ್ಪು. ಒಂದೇ ಕ್ಲಿಕ್ಕಿನಲ್ಲಿ ಎರಡನ್ನೂ ಹಿಡಿಯುವ ಶಕ್ತಿ ಇಷ್ಟು ಸಣ್ಣ ಸೆನ್ಸರಿಗಿಲ್ಲ. ರುಮಾಲಿನ ಮಡಿಕೆ ಕಾಣಬೇಕೆಂದರೆ ಮುಖ ಕಪ್ಪಾಗುತ್ತದೆ, ಮುಖ ಕಾಣಬೇಕೆಂದರೆ ರುಮಾಲು ಬರೀ ಬಿಳಿ ಮಚ್ಚೆಯಾಗುತ್ತದೆ.

ಫೋನ್ ಇದಕ್ಕೊಂದು ಉಪಾಯ ಮಾಡುತ್ತದೆ. ನೀವು ಒಮ್ಮೆ ಒತ್ತಿದರೂ ಅದು ಸರಸರನೆ ಹಲವು ಚಿತ್ರ ತೆಗೆದು, ಕೈ ಅಲುಗಾಡಿದ್ದನ್ನು ಸರಿಹೊಂದಿಸಿ, ಬೆಳಕಿನ ಭಾಗ ಮತ್ತು ಕತ್ತಲ ಭಾಗಗಳನ್ನು ಬೆಸೆದು ಒಂದೇ ಚಿತ್ರ ಮಾಡಿ ಕೊಡುತ್ತದೆ. ಎಚ್‌ಡಿಆರ್ ಎಂಬ ಅಕ್ಷರಗಳ ಹಿಂದಿನ ಕೆಲಸ ಇದೇ. ಕಂಪನಿಯ ಕ್ಯಾಮೆರಾದಲ್ಲಿ ಆಕಾಶವೂ ನೀಲಿ, ಮುಖವೂ ಸ್ಪಷ್ಟ, ನೆರಳೂ ತಿಳಿ ಬರುವುದು ಅದಕ್ಕೇ. ಎಲ್ಲ ಫೋಟೋಗಳೂ ಒಂದೇ ಥರ ಸಪಾಟಾಗಿ ಕಾಣುವುದೂ ಅದಕ್ಕೇ. ಆಟದ ಆ್ಯಪ್‌ಗಳಲ್ಲಿ ಎಷ್ಟೋ ಈ ಬೆಸೆಯುವ ಕೆಲಸಕ್ಕೆ ಹೋಗುವುದಿಲ್ಲ. ಒಂದೇ ಚಿತ್ರ ತೆಗೆದು ಅದರ ಮೇಲೆ ಬಣ್ಣ ಹಚ್ಚುತ್ತವೆ. ನೆರಳು ನೆರಳಾಗಿ, ಬಿಸಿಲು ಬಿಸಿಲಾಗಿ ಉಳಿಯುತ್ತದೆ. ಜನ ‘ಹಳೇ ಫೀಲ್’ ಅನ್ನುವುದರಲ್ಲಿ ದೊಡ್ಡ ಪಾಲು ಇದೇ ಇರುತ್ತದೆ, ಆಮೇಲೆ ಹಚ್ಚಿದ ಬಣ್ಣದ್ದಲ್ಲ.

ಇನ್ನು ಆ ಬಣ್ಣ. ಮಿರ್ಚಿ ಬಂಡಿಯ ಮುಂದೆ ನಿಂತೇ ಇದನ್ನು ನೋಡೋಣ. ಫೋಟೋದ ಪ್ರತಿ ಚುಕ್ಕೆಗೂ ಮೂರು ಅಂಕಿ ಇರುತ್ತವೆ: ಕೆಂಪು, ಹಸಿರು, ನೀಲಿ. ಒಂದೊಂದೂ 0ಯಿಂದ 255ರ ನಡುವೆ. ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿಯ ಮೈಮೇಲಿನ ಒಂದು ಚುಕ್ಕೆ 210, 150, 60 ಇದೆ ಎಂದುಕೊಳ್ಳಿ. ಅದರ ಹಿಂದಿನ ಕರ್ರಗಿನ ಬಾಣಲೆಯ ಚುಕ್ಕೆ 10, 10, 10. ಈಗ ‘ಹಳೇ ರೀಲು’ ಎಂಬ ಫಿಲ್ಟರ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಕಪ್ಪು ಪೂರ್ತಿ ಕಪ್ಪಾಗದ ಹಾಗೆ ಎಲ್ಲ ಅಂಕಿಗಳನ್ನೂ 30ರಿಂದ 255ರ ನಡುವೆ ಒತ್ತಿ ಕೂರಿಸುತ್ತದೆ. ಮಿರ್ಚಿ 215, 162, 83 ಆಗುತ್ತದೆ. ಬಾಣಲೆ 39, 39, 39. ಎರಡನೆಯದು, ಕೆಂಪಿಗೆ ಹತ್ತು ಕೂಡಿಸಿ ನೀಲಿಯಿಂದ ಹತ್ತು ಕಳೆಯುತ್ತದೆ. ಮಿರ್ಚಿ 225, 162, 73. ಬಾಣಲೆ 49, 39, 29. ಮಿರ್ಚಿಯಲ್ಲಿ ಅಂಥ ಬದಲಾವಣೆ ಕಾಣುವುದಿಲ್ಲ, ತುಸು ಬಿಸಿ ಹೆಚ್ಚಾದಂತಿರುತ್ತದೆ ಅಷ್ಟೇ. ಬಾಣಲೆ ಮಾತ್ರ ಕಪ್ಪು ಬಿಟ್ಟು ಕಂದಿದ ಕಾಫಿ ಬಣ್ಣಕ್ಕೆ ತಿರುಗಿದೆ. ಮಾಸಿದ ಹಳೇ ಫೋಟೋಗಳ ಗುರುತು ನೆರಳಿನಲ್ಲೇ ಇರುತ್ತದೆ. ಯಾವುದೇ ಫಿಲ್ಟರ್ ಹಾಕಿದಾಗ ಮೊದಲು ಚಿತ್ರದ ಕಪ್ಪು ಭಾಗ ನೋಡಿ, ಅದು ಏನು ಮಾಡಿದೆ ಎಂದು ಅಲ್ಲೇ ತಿಳಿಯುತ್ತದೆ.

ಮೂರು ಅಂಕಿಗಳ ಎಲ್ಲ ಜೋಡಣೆ ಸೇರಿದರೆ 1,67,77,216 ಬಣ್ಣಗಳಾಗುತ್ತವೆ. ಇಷ್ಟಕ್ಕೂ ಉತ್ತರ ಬರೆದಿಟ್ಟುಕೊಂಡರೆ ಆ್ಯಪ್ ಭಾರವಾದೀತು. ಅದಕ್ಕೆ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ 33 ಮೆಟ್ಟಿಲು ಇಟ್ಟು, 35,937 ಬಣ್ಣಗಳಿಗೆ ಮಾತ್ರ ಪಟ್ಟಿ ಮಾಡಿಟ್ಟಿರುತ್ತಾರೆ. ನಡುವೆ ಬಿದ್ದ ಬಣ್ಣಕ್ಕೆ ಅಕ್ಕಪಕ್ಕದ ಮೆಟ್ಟಿಲುಗಳಿಂದ ಅಂದಾಜು. ‘ಹೊಸ ಫಿಲ್ಟರ್ ಪ್ಯಾಕ್’ ಎಂದು ದುಡ್ಡು ಕೇಳುವಾಗ ಅವರು ಮಾರುವುದು ಹೆಚ್ಚಿನಂಶ ಇಂಥದೇ ಒಂದು ಅಂಕಿ ಪಟ್ಟಿ. ಒಳ್ಳೆಯ ಪಟ್ಟಿ ಮಾಡಲು ಕಣ್ಣು ಬೇಕು, ಅದು ನಿಜ. ಕೊಳ್ಳುವ ಮೊದಲು ಏನು ಕೊಳ್ಳುತ್ತಿದ್ದೇವೆ ಎಂಬುದಾದರೂ ತಿಳಿದಿರಲಿ.

ಅಂಚು ಕಪ್ಪಾಗುವುದು, ಕಾಳು ಕಾಳಾಗಿ ಕಾಣುವುದು, ಬದಿಯಿಂದ ಕೆಂಪು ಬೆಳಕು ಹರಿದಂತಿರುವುದು ಇವೆಲ್ಲ ಹಳೇ ಕ್ಯಾಮೆರಾಗಳ ದೋಷಗಳು. ಲೆನ್ಸಿಗೆ ಓರೆಯಾಗಿ ಬರುವ ಬೆಳಕು ಅಂಚು ಮುಟ್ಟುವಷ್ಟರಲ್ಲಿ ಕುಗ್ಗುತ್ತದೆ. ಸರಳ ಲೆನ್ಸಿನಲ್ಲಿ 30 ಡಿಗ್ರಿ ಓರೆಗೆ ಉಳಿಯುವುದು ನಡುಭಾಗದ ಶೇ. 56ರಷ್ಟು ಮಾತ್ರ. ಕಾಳು ಎಂದರೆ ಫಿಲ್ಮಿನೊಳಗಿನ ಬೆಳ್ಳಿ ಲವಣದ ಹರಳುಗಳಿಂದ ಬಂದದ್ದು. ಆ್ಯಪ್‌ನಲ್ಲಿ ಅದೇ ಜಾಗಕ್ಕೆ ಮನಸ್ಸಿಗೆ ಬಂದಂತೆ ಅಂಕಿಗಳನ್ನು ತುಸು ಏರಿಳಿಸುತ್ತಾರೆ. ಕೆಂಪು-ಕಿತ್ತಳೆ ಬೆಳಕಿನ ಕಾರಣ ನನಗೆ ಬಹಳ ಇಷ್ಟ: ಕ್ಯಾಮೆರಾದ ಹಿಂಬಾಗಿಲ ಸಂದಿಯಿಂದ ನುಸುಳಿದ ಬೆಳಕು ಫಿಲ್ಮಿನ ಬೆನ್ನ ಕಡೆಯಿಂದ ಒಳಗೆ ಬರುತ್ತದೆ. ಕಲರ್ ಫಿಲ್ಮಿನಲ್ಲಿ ಕೆಂಪನ್ನು ಹಿಡಿಯುವ ಪದರ ಇರುವುದು ತಳದಲ್ಲಿ. ಹಾಗಾಗಿ ಹಿಂದಿನಿಂದ ಬಂದ ಬೆಳಕಿಗೆ ಮೊದಲು ಸಿಗುವುದು ಅದೇ. ಈ ದೋಷಗಳನ್ನು ಚಂದ ಎಂದು ಮೊದಲು ಎತ್ತಿಹಿಡಿದವರಲ್ಲಿ ವಿಯೆನ್ನಾದ ವಿದ್ಯಾರ್ಥಿಗಳೂ ಇದ್ದಾರೆ. 1990ರ ದಶಕದ ಆರಂಭದಲ್ಲಿ ಪ್ರಾಗ್ ನಗರದಲ್ಲಿ ಅವರಿಗೆ ಎಲ್‌ಸಿ-ಎ ಎಂಬ ಅಗ್ಗದ ಸೋವಿಯತ್ ಕ್ಯಾಮೆರಾ ಸಿಕ್ಕಿತು. ಕಪ್ಪಂಚು, ಗಾಢ ಬಣ್ಣಗಳ ಆ ಚಿತ್ರಗಳಿಗೆ ಕ್ಯಾಮೆರಾ ತಯಾರಿಸಿದ ಕಾರ್ಖಾನೆಯ ಹೆಸರೇ, ‘ಲೋಮೋ’ ಎಂದು, ಅಂಟಿಕೊಂಡಿತು. ಈಗ ಅದು ಎಷ್ಟೋ ಆ್ಯಪ್‌ಗಳಲ್ಲಿ ಒಂದು ಗುಂಡಿ.

ಎಲ್ಲದಕ್ಕೂ ಈ ಬಣ್ಣ ಒಗ್ಗುವುದಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಿ ಚಿತ್ರಗಾರರ ಮನೆಯಲ್ಲಿ ಕೂತು ನೋಡಿ. ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು ಕಲೆಸಿದ ‘ಕಿಟ್ಟ’ ಮೆತ್ತಿ, ಒಡವೆಯ ಗೆರೆಗಳನ್ನು ಉಬ್ಬಿಸಿ, ಅದರ ಮೇಲೆ ಕುಂಚದಿಂದ ಒಂದೊಂದೇ ಬಣ್ಣ ಏರಿಸುತ್ತಾರೆ. ಗೊಂಬೆಯ ಹಳದಿ ಎಷ್ಟು ಹಳದಿ ಇರಬೇಕು, ಕೆಂಪು ಎಷ್ಟು ಕೆಂಪಿರಬೇಕು ಎಂದು ಆ ಕೈ ತೀರ್ಮಾನಿಸಿ ಆಗಿದೆ. ಅದರ ಮೇಲೆ ಮಾಸಲು ಫಿಲ್ಟರ್ ಎಳೆದರೆ ಅವರ ಕೆಲಸವನ್ನೇ ಅಳಿಸಿದಂತೆ. ಅಲ್ಲಿ ಸಾದಾ ಕ್ಯಾಮೆರಾ ತೆಗೆದು, ಫ್ಲ್ಯಾಶ್ ಆರಿಸಿ, ಬಾಗಿಲ ಬೆಳಕಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಹೊಳಪು ಬಣ್ಣದ ಮೇಲೆ ಬಿಳಿ ಕಲೆ ಕೂರುತ್ತದೆ.

ಗೊಂಬೆಯ ಬಣ್ಣಕ್ಕೆ ಇಷ್ಟು ಮಾತಾದರೆ ಮನುಷ್ಯರ ಬಣ್ಣದ ವಿಷಯದಲ್ಲಿ ನಾನು ಸುಮ್ಮನಿರಲಾರೆ. ನಾಯಿ ಕಿವಿ, ಮೂಗುತಿ, ಹೂವಿನ ಕಿರೀಟ ಇಡುವ ಫಿಲ್ಟರುಗಳು ಮುಖದ ಮೇಲೆ ನೂರಾರು ಗುರುತು ಬಿಂದುಗಳನ್ನು ಹುಡುಕುತ್ತವೆ. ಗೂಗಲ್ 2019ರಲ್ಲಿ ಹೊರತಂದ ಒಂದು ಮಾದರಿಯಲ್ಲಿ ಅಂಥ ಬಿಂದುಗಳು 468. ಕಣ್ಣಂಚು, ತುಟಿ, ಗಲ್ಲ ಎಲ್ಲಿದೆ ಎಂದು ತಿಳಿದ ಮೇಲೆ ಕಿರೀಟ ತಲೆಯ ಜೊತೆ ತಿರುಗುವುದು ಸುಲಭ. ಮಕ್ಕಳು ಇದನ್ನು ಹಾಕಿಕೊಂಡು ನಗುವುದು ನೋಡಿದರೆ ಖುಷಿಯೇ. ತೊಂದರೆ ಇರುವುದು ಅದೇ ಬಿಂದುಗಳನ್ನು ಬಳಸಿ ಸದ್ದಿಲ್ಲದೆ ನಡೆಯುವ ಇನ್ನೊಂದು ಕೆಲಸದಲ್ಲಿ. ‘ಬ್ಯೂಟಿ’ ಎಂಬ ಹೆಸರಿನಲ್ಲಿ ಚರ್ಮದ ಭಾಗವನ್ನು ಗುರುತಿಸಿ, ಗೆರೆ-ಕಲೆ ಒರೆಸಿ, ಬೆಳ್ಳಗೆ ಮಾಡಿಬಿಡುತ್ತದೆ. ಗಂಗಾವತಿ ಕಡೆ ಭತ್ತದ ನಾಟಿಗೆ ಇಳಿದು ಬಿಸಿಲಲ್ಲಿ ಬೆಂದ ಹೆಣ್ಣುಮಗಳ ಮುಖವನ್ನು ಸುಣ್ಣ ಬಳಿದಂತೆ ತೋರಿಸುವ ಹಕ್ಕು ಯಾವ ಆ್ಯಪ್‌ಗೂ ಇಲ್ಲ.

ಇದಕ್ಕೆ ಹಳೇ ಚರಿತ್ರೆಯಿದೆ. ಕಲರ್ ಫಿಲ್ಮಿನ ಕಾಲದಲ್ಲಿ ಫೋಟೋ ತೊಳೆಯುವ ಲ್ಯಾಬುಗಳು ಬಣ್ಣ ಸರಿಯಿದೆಯೇ ಎಂದು ತಾಳೆ ನೋಡಲು ಕೊಡಕ್ ಕಳಿಸುತ್ತಿದ್ದ ಒಂದು ಮಾದರಿ ಚಿತ್ರ ಇಟ್ಟುಕೊಳ್ಳುತ್ತಿದ್ದವು. ‘ಶರ್ಲಿ ಕಾರ್ಡ್’ ಎಂದು ಕರೆಯುತ್ತಿದ್ದ ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಚರ್ಮದ ಹೆಣ್ಣುಮಗಳ ಮುಖ. ಅವಳ ಚರ್ಮ ಸರಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ಕಪ್ಪು, ಕಂದು ಬಣ್ಣದ ಮುಖಗಳ ಮೇಲಿನ ಸೂಕ್ಷ್ಮಗಳು ಎಷ್ಟೋ ಫೋಟೋಗಳಲ್ಲಿ ಹೂತೇ ಹೋದವು. ಈಚೆಗೆ ಪರಿಸ್ಥಿತಿ ಸುಧಾರಿಸುತ್ತಿದೆ. ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿದ 10 ಚರ್ಮದ ಬಣ್ಣಗಳ ಅಳತೆಪಟ್ಟಿಯನ್ನು ಗೂಗಲ್ 2022ರಲ್ಲಿ ಬಳಕೆಗೆ ತಂದಿತು. ನಮ್ಮ ಕೈಯಲ್ಲಿರುವುದೂ ಒಂದಿದೆ: ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಬ್ಯೂಟಿ, ಸ್ಮೂತ್, ಫೇರ್ ಎಂದೇನಿದ್ದರೂ ಸೊನ್ನೆಗೆ ತರುವುದು. ಕೆಲವು ಫೋನುಗಳಲ್ಲಿ ಇದು ಕೊಳ್ಳುವಾಗಲೇ ಚಾಲೂ ಇರುತ್ತದೆ.

ಈಗ ಗುಂಡಿ ಒತ್ತುವ ಮೊದಲಿನ ಆಟಕ್ಕೆ ಬರೋಣ. 35 ಎಂಎಂ ರೀಲಿನಲ್ಲಿ 24 ಇಲ್ಲವೇ 36 ಫೋಟೋ. ಫ್ಯೂಜಿಫಿಲ್ಮ್ 1986ರಲ್ಲಿ ತಂದ, ಬಳಸಿ ಲ್ಯಾಬಿಗೆ ಕೊಟ್ಟುಬಿಡುವ ಅಗ್ಗದ ಕ್ಯಾಮೆರಾದ ಸಾಲಿನಲ್ಲೂ ಲೆಕ್ಕ ಸುಮಾರು ಅಷ್ಟೇ. ರೀಲು ತೊಳೆಸಿ ಬರುವವರೆಗೆ ಏನು ಬಂದಿದೆ ಎಂದು ಗೊತ್ತಾಗುತ್ತಿರಲಿಲ್ಲ. ಆಟದ ಆ್ಯಪ್‌ಗಳು ಈ ಕಟ್ಟುಗಳನ್ನು ಬೇಕೆಂದೇ ವಾಪಸ್ ತಂದಿವೆ. 2009ರಲ್ಲಿ ಬಂದ ಹಿಪ್‌ಸ್ಟಮ್ಯಾಟಿಕ್‌ನಲ್ಲಿ ಫೋನ್ ಅಲುಗಾಡಿಸಿದರೆ ಲೆನ್ಸ್-ಫಿಲ್ಮ್ ಜೋಡಿ ತಾನಾಗಿ ಬದಲಾಗುತ್ತಿತ್ತು. ಯಾವುದು ಬರುತ್ತದೋ ಅದು. ಮರುವರ್ಷ ಬಂದ ಇನ್‌ಸ್ಟಾಗ್ರಾಮ್ ಚೌಕಾಕಾರವನ್ನು ಕಡ್ಡಾಯ ಮಾಡಿತು. ಡಿಸ್ಪೋ ಎಂಬ ಆ್ಯಪ್ ಇಂದು ತೆಗೆದ ಫೋಟೋವನ್ನು ನಾಳೆ ಬೆಳಿಗ್ಗೆ 9 ಗಂಟೆಗೆ ತೋರಿಸುತ್ತಿತ್ತು. ಬಿರಿಯಲ್ ಎಂಬ ಇನ್ನೊಂದು ಆ್ಯಪ್ ದಿನಕ್ಕೊಮ್ಮೆ, ಯಾವಾಗ ಎಂದು ಮೊದಲೇ ಹೇಳಲಾಗದ ಹೊತ್ತಿನಲ್ಲಿ ಗಂಟೆ ಬಾರಿಸಿ, 2 ನಿಮಿಷದೊಳಗೆ ಮುಂದಿನ-ಹಿಂದಿನ ಎರಡೂ ಕ್ಯಾಮೆರಾದಿಂದ ಫೋಟೋ ಕೇಳುತ್ತದೆ.

ಈ ಕಟ್ಟುಗಳು ಕಣ್ಣಿಗೆ ಕೆಲಸ ಕೊಡುತ್ತವೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋದವರ ಫೋನು ನೋಡಿ. ತೇರು ಎಳೆಯುವ ಸಂಜೆಯೊಂದರಲ್ಲೇ ಇನ್ನೂರು ಮುನ್ನೂರು ಫೋಟೋ, ಎಲ್ಲದರಲ್ಲೂ ದೂರದ ತೇರು, ಮುಂದೆ ಎತ್ತಿಹಿಡಿದ ಫೋನುಗಳ ಸಾಲು. ಅದೇ ಜಾತ್ರೆಗೆ 24 ಫೋಟೋದ ಮಿತಿ ಇರುವ ಆ್ಯಪ್ ಹಿಡಿದು ಹೋಗಿ. ತೇರಿಗೆ ಎರಡು ಸಾಕು ಅನ್ನಿಸುತ್ತದೆ. ಉಳಿದ ಇಪ್ಪತ್ತೆರಡು ಎಲ್ಲಿ ಖರ್ಚು ಮಾಡಲಿ ಎಂದು ಸುತ್ತ ನೋಡಲು ಶುರುಮಾಡುತ್ತೀರಿ. ಉತ್ತತ್ತಿ ಎಸೆಯಲು ಮೇಲೆದ್ದ ಕೈಗಳು, ದಾಸೋಹಕ್ಕೆ ಊರೂರಿಂದ ಬಂದ ಜೋಳದ ರೊಟ್ಟಿಯ ರಾಶಿ, ಅಪ್ಪನ ಹೆಗಲ ಮೇಲೆ ನಿದ್ದೆಹೋದ ಮಗು, ಬೆಂಡು-ಬತ್ತಾಸಿನ ಅಂಗಡಿಯ ಬಲ್ಬು. ದಿನನಿತ್ಯದ ಕ್ಷಣ ಎಂದು ನಾವು ಕರೆಯುವುದು ಇವನ್ನೇ. ಯಾವ ಬಣ್ಣದ ಪಟ್ಟಿಯೂ ಇವನ್ನು ಹುಡುಕಿ ಕೊಡುವುದಿಲ್ಲ. ಆ್ಯಪ್ ಇಲ್ಲದೆಯೂ ಈ ಆಟ ಆಡಬಹುದು: ಇವತ್ತು ಹತ್ತೇ ಫೋಟೋ, ಮನೆಗೆ ಹೋಗುವವರೆಗೆ ಗ್ಯಾಲರಿ ತೆರೆಯುವುದಿಲ್ಲ ಎಂದು ತೀರ್ಮಾನಿಸಿದರೆ ಆಯಿತು.

ಆದರೆ ‘ನಾಳೆ ನೋಡು’ ಎಂಬ ನಿಯಮ ನಮ್ಮ ಕಡೆ ಒಂದು ಜಾಗದಲ್ಲಿ ಎಡವುತ್ತದೆ. ಸಂತೆಯಲ್ಲಿ ಮೆಣಸಿನಕಾಯಿ ರಾಶಿ ಹಾಕಿ ಕೂತ ಹಿರಿಯಕ್ಕನನ್ನು ‘ಯಕ್ಕಾ, ಒಂದ್ ಫೋಟೋ ತಗೀಲೇನ್ರಿ?’ ಅಂತ ಕೇಳಿದರೆ, ‘ತಡಿಯಪಾ, ಸೆರಗ ಸರಿ ಮಾಡ್ಕೊಂತೀನಿ’ ಅಂತಾರೆ. ಬೆನ್ನು ನೆಟ್ಟಗಾಗುತ್ತದೆ, ನಗು ಮಾಯವಾಗುತ್ತದೆ, ಫೋಟೋಕ್ಕೆ ಬೇಕಾದ ಗಾಂಭೀರ್ಯ ಮುಖಕ್ಕೆ ಬರುತ್ತದೆ. ಕ್ಲಿಕ್ ಆದ ಕೂಡಲೇ ಮುಂದಿನ ಮಾತು: ‘ಎಲ್ಲಿ, ತೋರ್ಸ ನೋಡೂಣು.’ ಆಗ ‘ನಾಳೆ ಒಂಬತ್ತಕ್ಕ ಬರ್ತೈತಿ ಯಕ್ಕಾ’ ಅನ್ನಲಾಗುತ್ತದೆಯೇ? ತನ್ನ ಮುಖ ಕೊಟ್ಟವರಿಗೆ ಅದನ್ನು ಅಲ್ಲೇ ತೋರಿಸುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ಅದಕ್ಕೇ ಜನರ ಫೋಟೋ ತೆಗೆಯುವಾಗ ನಿಯಮ ಮುರಿಯಿರಿ. ಮೊದಲು ಸಾದಾ ಕ್ಯಾಮೆರಾದಲ್ಲಿ ಅವರಿಗೆ ಬೇಕಾದ ಹಾಗೆ ಒಂದು ತೆಗೆದು ತೋರಿಸಿ. ಆಮೇಲೆ, ಅವರು ಸಡಿಲಾಗಿ ಗಿರಾಕಿಯ ಜೊತೆ ಮಾತಿಗೆ ಇಳಿದಾಗ, ಒಪ್ಪಿಗೆ ಇದ್ದರೆ ಆಟದ ಕ್ಯಾಮೆರಾ. ಬೇಡ ಅಂದರೆ ಬೇಡ.

ಕೈಕೆಲಸದ ಮಾತು ಕೆಲವು. ಮಿರ್ಚಿ ತಿಂದ ಕೈಯಲ್ಲಿ ಫೋನ್ ಹಿಡಿದರೆ ಲೆನ್ಸಿನ ಗಾಜಿನ ಮೇಲೆ ಎಣ್ಣೆಯ ತೆಳು ಪದರ ಕೂರುತ್ತದೆ. ಬಲ್ಬುಗಳ ಸುತ್ತ ಉದ್ದುದ್ದ ಗೆರೆ, ಚಿತ್ರದ ಮೇಲೆಲ್ಲ ಮಂಜು. ಎಷ್ಟೋ ಜನ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುವುದು ಇದನ್ನೇ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ, ಸಾಕು. ಮಧ್ಯಾಹ್ನ ತೆಗೆಯಲೇಬೇಕಾದರೆ ಬೇವಿನ ಮರದ ನೆರಳಿಗೋ ಅಂಗಡಿಯ ತಗಡಿನ ಕೆಳಗೋ ಕರೆದುಕೊಂಡು ಬನ್ನಿ. ಪರದೆಯ ಮೇಲೆ ಮುಖವನ್ನು ಮುಟ್ಟಿದರೆ ಫೋಕಸ್ಸೂ ಬೆಳಕೂ ಅಲ್ಲಿಗೆ ಹೊಂದುತ್ತವೆ, ಬೆರಳು ಕೆಳಗೆ ಎಳೆದರೆ ಚಿತ್ರ ಕಪ್ಪಾಗುತ್ತದೆ. ನಮ್ಮ ಬಿಸಿಲಿಗೆ ತುಸು ಕೆಳಗೇ ಎಳೆದಿರಲಿ. ಕಪ್ಪಾದ ಭಾಗವನ್ನು ಆಮೇಲೆ ಒಂದಿಷ್ಟು ಎತ್ತಬಹುದು, 255 ಮುಟ್ಟಿ ಬೆಳ್ಳಗಾದ ರುಮಾಲಿನ ಮಡಿಕೆಯನ್ನು ಮರಳಿ ತರಲಾಗುವುದಿಲ್ಲ. ರಾತ್ರಿ ಜಾತ್ರೆಯಲ್ಲಿ ಫೋನಿನ ಫ್ಲ್ಯಾಶ್ ಎರಡು ಮಾರಿನಾಚೆ ಹೆಚ್ಚು ಪ್ರಯೋಜನವಿಲ್ಲ, ತೇರಿಗಂತೂ ಮುಟ್ಟುವುದೇ ಇಲ್ಲ.

ಆ್ಯಪ್ ಹಾಕಿಕೊಳ್ಳುವಾಗ ‘ಎಲ್ಲ ಫೋಟೋಗಳಿಗೆ ಅನುಮತಿ’ ಎಂದು ಕೇಳಿದರೆ ಕೊಡುವ ಅಗತ್ಯವಿಲ್ಲ. ಆಂಡ್ರಾಯ್ಡ್ 14ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ, ಆಯ್ದ ಫೋಟೋಗಳನ್ನಷ್ಟೇ ತೋರಿಸುವ ಅವಕಾಶವಿದೆ. ಸ್ಥಳದ ಅನುಮತಿಯನ್ನೂ ತೆಗೆದುಬಿಡಿ. ಇಲ್ಲವಾದರೆ ಫೋಟೋ ಕಡತದೊಳಗೆ ಎಲ್ಲಿ ತೆಗೆದದ್ದು ಎಂಬ ಅಕ್ಷಾಂಶ-ರೇಖಾಂಶ ಸೇರಿಕೊಳ್ಳುತ್ತದೆ. ಮನೆಯಲ್ಲಿ ತೆಗೆದ ಮಕ್ಕಳ ಫೋಟೋದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಹಾಗೆಯೇ ‘ಮೂಲ ಚಿತ್ರವನ್ನೂ ಉಳಿಸು’ ಎಂಬ ಆಯ್ಕೆ ಸೆಟ್ಟಿಂಗಿನಲ್ಲಿದ್ದರೆ ಚಾಲೂ ಮಾಡಿ. ಫಿಲ್ಟರ್ ಹಾಕಿ ಉಳಿಸಿದ ಪ್ರತಿಯಿಂದ ಮೂಲ ಬಣ್ಣ ಹಿಂದಕ್ಕೆ ಬರುವುದಿಲ್ಲ.

ಕೊನೆಯದಾಗಿ, ಆ ಮೆಣಸಿನಕಾಯಿ ಅಕ್ಕನಿಗೆ ಒಂದು ಪ್ರಿಂಟ್ ಹಾಕಿಸಿಕೊಡಿ. 4 ಇಂಚು, 6 ಇಂಚಿನ ಕಾಗದಕ್ಕೆ ಇಂಚಿಗೆ 300 ಚುಕ್ಕೆಯಂತೆ 1200 ಗುಣಿಸು 1800, ಅಂದರೆ ಸುಮಾರು 22 ಲಕ್ಷ ಚುಕ್ಕೆ ಸಾಕು. 2 ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೇ. ಫೋಟೋದ ಗಾತ್ರ ಇಳಿಸುವ ಆಟದ ಆ್ಯಪ್‌ನ ಚಿತ್ರವೂ ಹೆಚ್ಚಿನ ಸಲ ಇದಕ್ಕೆ ಸಾಲುತ್ತದೆ. ಸ್ಟುಡಿಯೋದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಬೇಡಿ, ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಹಾಗೆ ಕಳಿಸಿದಾಗ ಸ್ಥಳದ ವಿವರವೂ ಜೊತೆಗೇ ಹೋಗುವುದರಿಂದ ಅದನ್ನು ಮೊದಲೇ ತೆಗೆದಿರಿ. ಪ್ರಿಂಟಿಗೆ ಅವರು ಸೆರಗು ಸರಿಮಾಡಿಕೊಂಡು ಕೂತ ಫೋಟೋವನ್ನೇ ಆರಿಸಿ, ಅವರು ಒಪ್ಪಿ ಕೊಟ್ಟದ್ದು ಆ ಮುಖವನ್ನು.